ಕಡಲಾಚೆಯಿಂದ ಬಂದ ಕೆಲಸ

ನಮ್ಮ ಹೊರನಾಡ ಕನ್ನಡಿಗರಲ್ಲಿ ಇಂಜಿನಿಯರಾದ ಮಗನೋ ಮಗಳೋ ಅಳಿಯನೋ ಸೊಸೆಯೋ ಇಲ್ಲದ ಮನೆಯನ್ನು ಹುಡುಕುವುದು ಈಗ ಕಷ್ಟದ ಕೆಲಸವೇ ಸರಿ. ಸಂಘದ ಸತ್ಯನಾರಾಯಣ ಪೂಜೆಗೆ ನಾಲ್ಕು ಜನ ಕೂಡಿದರೆ, ನವರಾತ್ರಿಯ ಅರಿಸಿನ ಕುಂಕುಮಕ್ಕೆ ಹೆಂಗಸರು ಸೇರಿದರೆ, ಮಾತು ಊರಿನ ಮಳೆ ಬೆಳೆಗಳನ್ನು ಒಂದು ಸುತ್ತು ಹಾಕಿ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಮೊದಲು "ನಿಮ್ಮ ಹುಡುಗ ಅಮೇರಿಕೆಗೆ ಯಾವಾಗ ಹೊರಡುತ್ತಾನೆ, ರಾಯರೇ?" ಎಂದು ಕೇಳುತ್ತಿದ್ದರು. ಈಗ ದನಿ ತಗ್ಗಿಸಿ "ಅವನ ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದಾರಂತಲ್ಲ, ಅವನದೇನೂ ತೊಂದರೆಯಿಲ್ಲವಷ್ಟೆ?" ಎಂದು ಕೇಳುತ್ತಾರೆ. ಈ ಎರಡು ಪ್ರಶ್ನೆಗಳ ನಡುವೆ ಒಂದು ದೊಡ್ಡ ಕಥೆಯೇ ಇದೆ. ಅದನ್ನು ವಾಚಕರ ಮುಂದೆ ಕೊಂಚ ಬಿಡಿಸಿ ಇಡುವುದು ಈ ಲೇಖನದ ಉದ್ದೇಶ.

ಒಂದು ದೇಶದ ಕಂಪನಿ ತನ್ನಲ್ಲಿ ನಡೆಯಬೇಕಾದ ಕೆಲಸವನ್ನು ಕಡಲಾಚೆಯ ಇನ್ನೊಂದು ದೇಶದವರಿಂದ ಮಾಡಿಸಿಕೊಳ್ಳುವ ಏರ್ಪಾಡಿಗೆ ಆಫ್‌ಷೋರ್ ಔಟ್‌ಸೋರ್ಸಿಂಗ್ ಎಂದು ಹೆಸರು. ಹೆಸರು ದೊಡ್ಡದು, ಸಂಗತಿ ಸರಳ. ಕೆಲಸ ಇದ್ದಲ್ಲಿಗೆ ಮನುಷ್ಯ ವಲಸೆ ಹೋಗುವುದನ್ನು ನಾವು ಬಲ್ಲೆವು. ಉಡುಪಿ, ಕುಂದಾಪುರಗಳ ಕಡೆಯಿಂದ ಬೋಟು ಹತ್ತಿ ಬಂದು ಹೋಟೆಲಿನ ಮಾಣಿಗಳಾದವರು, ವಿಜಾಪುರ ಕಲಬುರ್ಗಿಗಳ ಬರಕ್ಕೆ ಅಂಜಿ ಬಂದು ಗಾರೆ ಹೊತ್ತವರು ನಮ್ಮ ಹಿರಿಯರೇ. ಆದರೆ ಇಲ್ಲಿ ವಲಸೆ ಹೊರಟದ್ದು ಮನುಷ್ಯನಲ್ಲ, ಕೆಲಸ. ಮನುಷ್ಯ ಬೆಂಗಳೂರಿನಲ್ಲೋ ಪುಣೆಯ ಹಿಂಜವಡಿಯಲ್ಲೋ ತನ್ನ ಕುರ್ಚಿಯಲ್ಲಿ ಕುಳಿತಿರುತ್ತಾನೆ. ನ್ಯೂಯಾರ್ಕಿನ ಬ್ಯಾಂಕಿನ ಲೆಕ್ಕ, ಒಹಾಯೋದ ವಿಮೆಯ ದಫ್ತರ, ಟೆಕ್ಸಾಸಿನ ಚಿಪ್ಪಿನ ನಕ್ಷೆ ತಾವಾಗಿ ಅವನ ಮೇಜಿಗೆ ಬರುತ್ತವೆ. ಅಲ್ಲಿ ಅದನ್ನು ಮಾಡುತ್ತಿದ್ದವನ ಗತಿ ಏನಾಯಿತು, ಇಲ್ಲಿ ಮಾಡುವವನಿಗೆ ಏನು ಸಿಕ್ಕಿತು ಎಂಬವೇ ನೋಡತಕ್ಕ ವಿಷಯಗಳು.

ಕೆಲಸ ಕಡಲು ದಾಟುವುದು ಮುಂಬಯಿಯ ಮಟ್ಟಿಗೆ ಹೊಸತೇನೂ ಅಲ್ಲ. 1854ರಲ್ಲಿ ಕಾವಸಜಿ ದಾವರ್ ಎಂಬ ಪಾರಸಿ ವ್ಯಾಪಾರಿ ಇಲ್ಲಿ ಹತ್ತಿಯ ಗಿರಣಿಯ ಕಂಪನಿಯನ್ನು ಸ್ಥಾಪಿಸಿದಾಗ ಜಗತ್ತಿನ ಬಟ್ಟೆಯೆಲ್ಲ ಇಂಗ್ಲೆಂಡಿನ ಲ್ಯಾಂಕಾಶೈರಿನಲ್ಲಿ ನೇಯಲ್ಪಡುತ್ತಿದೆಯೋ ಎಂಬಂತಿತ್ತು. ನಾಲ್ಕು ದಶಕಗಳಲ್ಲಿ ಮುಂಬಯಿಯ ಗಿರಣಿಗಳು ಎಷ್ಟು ಬೆಳೆದುವೆಂದರೆ ಲ್ಯಾಂಕಾಶೈರಿನ ಒಡೆಯರು ಬೊಬ್ಬೆ ಹಾಕತೊಡಗಿದರು. ಕಡಿಮೆ ಕೂಲಿಯ ನಾಡಿನೊಡನೆ ತಾವು ಹೇಗೆ ಸ್ಪರ್ಧಿಸುವುದು ಎಂಬುದು ಅವರ ವಾದ. ಅವರ ಒತ್ತಾಯಕ್ಕೆ ಮಣಿದ ಸರಕಾರ 1896ರಲ್ಲಿ ಭಾರತದ ಗಿರಣಿ ಬಟ್ಟೆಯ ಮೇಲೆ ಶೇಕಡಾ ಮೂರೂವರೆ ಸುಂಕ ಹೇರಿತು. ಅದು ಪೂರ್ತಿ ತೊಲಗಿದ್ದು 1926ರಲ್ಲಿ. ಮುಂದೆ ಅದೇ ಮುಂಬಯಿಯ ಗಿರಣಿಗಳಿಂದ ನೇಯ್ಗೆಯ ಕೆಲಸ ಅಗ್ಗದ ಕೂಲಿ ಹುಡುಕಿಕೊಂಡು ಭಿವಂಡಿಯ ಪವರ್‌ಲೂಮುಗಳಿಗೆ ಜಾರಿತು. 1982ರ ಜನವರಿಯಲ್ಲಿ ಆರಂಭವಾದ ದತ್ತಾ ಸಾಮಂತರ ಮುಷ್ಕರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕೆಲಸಗಾರರು ಹೊರಗೆ ಬಂದರು. ಅವರಲ್ಲಿ ಬಹಳ ಮಂದಿ ಮತ್ತೆ ಒಳಗೆ ಹೋಗಲೇ ಇಲ್ಲ. ಗಿರಣಿಗಾರನ ಚಾಳಿನ ಎದುರಿಗೇ, ಲೋವರ್ ಪರೇಲಿನಲ್ಲಿ, ಇಂದು ಗಾಜಿನ ಕಚೇರಿಗಳು ಎದ್ದಿವೆ. ಆ ಕಚೇರಿಗಳಲ್ಲಿ ಕೆಲವು ಕಡಲಾಚೆಯ ಕೆಲಸವನ್ನೇ ಮಾಡುತ್ತವೆ. ಇದನ್ನು ನೋಡಿದಾಗ ಲ್ಯಾಂಕಾಶೈರಿನವನ ಬೊಬ್ಬೆಯನ್ನು ನಾವು ಅಷ್ಟು ಸುಲಭವಾಗಿ ನಗೆಯಾಡುವಂತಿಲ್ಲ.

ಇರಲಿ. ಇಂಜಿನಿಯರಿಂಗ್ ಕೆಲಸ ಮೊದಲು ಬಂದದ್ದೂ ಮುಂಬಯಿಗೇ. ಬೆಂಗಳೂರು ಆಮೇಲಿನದು. ಟಾಟಾ ಮನೆತನದವರು 1968ರಲ್ಲಿ ಟಾಟಾ ಕನ್ಸಲ್ಟನ್ಸಿ ಸರ್ವಿಸಸ್ ಎಂಬ ವಿಭಾಗವನ್ನು ತೆರೆದರು. ಮರುವರ್ಷ ವಿದ್ಯುತ್ ಕಂಪನಿಯಲ್ಲಿದ್ದ ಎಫ್. ಸಿ. ಕೊಹ್ಲಿಯವರನ್ನು ಅದರ ಹೊಣೆಗೆ ತಂದರು. ಆಗ ನಮ್ಮ ದೇಶದಲ್ಲಿ ಗಣಕಯಂತ್ರವನ್ನು ತರಿಸುವುದೆಂದರೆ ಆನೆಯನ್ನು ತರಿಸಿದಂತೆ. ಪರದೇಶದ ಹಣ ವೆಚ್ಚವಾಗುವುದೆಂದು ಸರಕಾರ ಒಪ್ಪುತ್ತಿರಲಿಲ್ಲ. ಯಂತ್ರ ಬೇಕಾದರೆ ರಫ್ತು ಮಾಡಿ ಪರದೇಶದ ಹಣವನ್ನು ಗಳಿಸಿ ಕೊಡಬೇಕೆಂಬ ಕರಾರು ಹಾಕುತ್ತಿತ್ತು. ರಫ್ತು ಮಾಡುವುದಾದರೂ ಏನನ್ನು? ಬುದ್ಧಿಯನ್ನು. 1974ರ ಸುಮಾರಿಗೆ ಅಮೇರಿಕೆಯ ಬರೋಸ್ ಕಂಪನಿಗಾಗಿ ಕೆಲಸ ಮಾಡಿಕೊಡುವುದರೊಂದಿಗೆ ಈ ವ್ಯಾಪಾರ ಮೊದಲಾಯಿತು. ಅದಕ್ಕೆ ಒಂದು ವರ್ಷ ಮೊದಲೇ, 1973ರಲ್ಲಿ, ಅಂಧೇರಿಯಲ್ಲಿ ಸೀಪ್ಝ್ ಎಂಬ ರಫ್ತು ವಲಯ ತೆರೆದಿತ್ತು.

ಇಲ್ಲಿ ನಮ್ಮವರೊಬ್ಬರ ಪಾತ್ರವೂ ಬರುತ್ತದೆ, ಅದೂ ತೀರ ಅನಿರೀಕ್ಷಿತ ರೀತಿಯಲ್ಲಿ. ಮಂಗಳೂರಿನಲ್ಲಿ ಹುಟ್ಟಿ, ಮುಂಬಯಿಯ ಟ್ಯಾಕ್ಸಿ ಚಾಲಕರನ್ನೂ ನಗರಪಾಲಿಕೆಯ ಕೆಲಸಗಾರರನ್ನೂ ಸಂಘಟಿಸಿದ ಜಾರ್ಜ್ ಫರ್ನಾಂಡಿಸರು 1977ರಲ್ಲಿ ಜನತಾ ಸರಕಾರದ ಕೈಗಾರಿಕಾ ಮಂತ್ರಿಗಳಾದರು. ಪರದೇಶೀ ಕಂಪನಿಗಳು ತಮ್ಮ ಬಂಡವಾಳದ ಪಾಲನ್ನು ಇಳಿಸಬೇಕೆಂಬ ಕಾನೂನನ್ನು ಅವರು ಬಿಗಿಯಾಗಿ ಜಾರಿಗೆ ತಂದಾಗ, ಒಪ್ಪದ ಐ.ಬಿ.ಎಂ. ಕಂಪನಿ 1978ರಲ್ಲಿ ಗಂಟುಮೂಟೆ ಕಟ್ಟಿತು. ಅದು ಬಿಟ್ಟುಹೋದ ಜಾಗದಲ್ಲಿ ಹಲವು ಬಗೆಯ ಯಂತ್ರಗಳು ಬಂದುವು. ಎಲ್ಲವನ್ನೂ ಬಲ್ಲ ಒಂದು ತರುಣ ಪೀಳಿಗೆ ತಯಾರಾಯಿತು. ಕಾರ್ಮಿಕರ ನಾಯಕನೊಬ್ಬ ಒಂದು ಕಂಪನಿಯನ್ನು ಹೊರಗೆ ಕಳಿಸಿದ್ದರಿಂದ ಒಂದು ಹೊಸ ಉದ್ಯಮಕ್ಕೆ ಹಾದಿಯಾಯಿತು ಎಂಬುದು ಇತಿಹಾಸದ ತಮಾಷೆಗಳಲ್ಲಿ ಒಂದು. ಐ.ಬಿ.ಎಂ. ಏನೋ ಮರಳಿ ಬಂತು. 2017ರ ಹೊತ್ತಿಗೆ ಅದರ ನೌಕರರು ಅಮೇರಿಕೆಗಿಂತ ಭಾರತದಲ್ಲೇ ಹೆಚ್ಚು, ಸುಮಾರು 1,30,000, ಎಂಬ ಸುದ್ದಿ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಅಚ್ಚಾಯಿತು.

ಪುಣೆಯ ವಾಚಕರು ಮುನಿಯಬಾರದು, ಅವರ ಊರಿನ ಪಾಲೂ ದೊಡ್ಡದಿದೆ. ಶಿಡ್ಲಘಟ್ಟದಲ್ಲಿ ಹುಟ್ಟಿ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಎನ್. ಆರ್. ನಾರಾಯಣ ಮೂರ್ತಿಯವರು ಪುಣೆಯಲ್ಲಿ ನೌಕರಿಯಲ್ಲಿದ್ದರು. ಶಿಗ್ಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಕಲಿತ ಸುಧಾ ಮೂರ್ತಿಯವರು ಅದೇ ಊರಿನ ಟೆಲ್ಕೋ ಕಾರಖಾನೆಯಲ್ಲಿ ಇಂಜಿನಿಯರಾಗಿದ್ದವರು. ಹೆಂಡತಿ ಕೂಡಿಸಿಟ್ಟಿದ್ದ ಹತ್ತು ಸಾವಿರ ರೂಪಾಯಿಗಳಿಂದ, ಏಳು ಮಂದಿ ಸೇರಿ, 1981ರಲ್ಲಿ ಪುಣೆಯಲ್ಲಿ ಇನ್ಫೋಸಿಸ್ ಆರಂಭಿಸಿದ ಕಥೆ ನಮ್ಮ ಮಕ್ಕಳಿಗೂ ಗೊತ್ತಿದೆ. ಅದು ಬೆಂಗಳೂರಿಗೆ ಹೋದದ್ದು 1983ರಲ್ಲಿ.

ಬೆಂಗಳೂರಿನ ಅದೃಷ್ಟ ತೆರೆದದ್ದು 1985ರಲ್ಲಿ. ಅಮೇರಿಕೆಯ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಮಿಲ್ಲರ್ಸ್ ರೋಡಿನ ಸೋನಾ ಟವರ್ಸ್ ಕಟ್ಟಡದಲ್ಲಿ ಚಿಪ್ಪುಗಳ ವಿನ್ಯಾಸ ಮಾಡುವ ಕೇಂದ್ರವನ್ನು ತೆರೆಯಿತು. ಅದುವರೆಗೆ ಬರೆದ ಕೆಲಸವನ್ನು ಟೇಪಿನ ಸುರುಳಿಗಳಲ್ಲಿ ತುಂಬಿ ವಿಮಾನದಲ್ಲಿ ಕಳಿಸಬೇಕಿತ್ತು, ಇಲ್ಲವೆ ಇಂಜಿನಿಯರನೇ ವಿಮಾನ ಹತ್ತಬೇಕಿತ್ತು. ಈ ಕಂಪನಿ ತನ್ನದೇ ಉಪಗ್ರಹ ಸಂಪರ್ಕವನ್ನು ಪಡೆದು, ಇಲ್ಲಿ ಮಾಡಿದ ಕೆಲಸವನ್ನು ಆ ಕ್ಷಣಕ್ಕೇ ಅಲ್ಲಿಗೆ ಮುಟ್ಟಿಸಿತು. 1991ರ ಆರ್ಥಿಕ ಸುಧಾರಣೆಗಳ ಕಾಲದಲ್ಲಿ ಸರಕಾರವೇ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕುಗಳನ್ನು ಸ್ಥಾಪಿಸಿ ಸಣ್ಣಪುಟ್ಟ ಕಂಪನಿಗಳಿಗೂ ಆ ಅನುಕೂಲವನ್ನು ಒದಗಿಸಿತು. ಎಪ್ಪತ್ತರ ದಶಕದಲ್ಲಿ ಕಿಯೋನಿಕ್ಸಿನ ಆರ್. ಕೆ. ಬಾಳಿಗರು ಹೊಸೂರು ರಸ್ತೆಯ ಬಯಲಿನಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಿದ್ದರು. ಅಂದು ಬಯಲಾಗಿದ್ದ ಆ ಜಾಗದಲ್ಲಿ ಇಂದು ಬೆಳಗಿನ ಹೊತ್ತು ಬಸ್ಸು ಮುಂದೆ ಸಾಗುವುದಿಲ್ಲ.

ಕೆಲಸ ಹೀಗೆ ಹರಿದುಬರಲು ಮೂಲ ಕಾರಣ ಪಗಾರದ ಅಂತರ. ಅದನ್ನು ಮುಚ್ಚಿಟ್ಟು ಬರಿಯ ಪ್ರತಿಭೆಯ ಮಾತಾಡುವವರು ಅರ್ಧ ಸತ್ಯ ಹೇಳುತ್ತಾರೆ. ಎರಡನೆಯದು ಇಂಗ್ಲಿಷು. ಮೂರನೆಯದು ಸೂರ್ಯ. ನ್ಯೂಯಾರ್ಕಿಗಿಂತ ನಾವು ಬೇಸಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಮುಂದೆ. ಅಲ್ಲಿಯವನು ಸಂಜೆ ಮನೆಗೆ ಹೋಗುವಾಗ ಬರೆದಿಟ್ಟ ತೊಡಕು ಅವನು ಮರುದಿನ ಬಾಗಿಲು ತೆರೆಯುವಷ್ಟರಲ್ಲಿ ಬಿಡಿಸಲ್ಪಟ್ಟಿರುತ್ತದೆ. ಈ ಅನುಕೂಲಕ್ಕೆ ಬೆಲೆ ತೆತ್ತವರು ರಾತ್ರಿ ಹತ್ತಕ್ಕೆ ಕಾಲ್ ಇದೆಯೆಂದು ಊಟದ ತಟ್ಟೆಯ ಮುಂದಿಂದ ಏಳುವ ನಮ್ಮ ಸೊಸೆಯಂದಿರು. ಆ ಲೆಕ್ಕ ಯಾವ ಕಂಪನಿಯ ವಾರ್ಷಿಕ ವರದಿಯಲ್ಲೂ ಬರುವುದಿಲ್ಲ.

ಇವೆಲ್ಲ ಇದ್ದರೂ, ಬಾಗಿಲನ್ನು ಪೂರ್ತಿ ತೆರೆದದ್ದು ಒಂದು ತಪ್ಪು. ಹಳೆಯ ಕಾಲದ ಗಣಕಗಳಲ್ಲಿ ನೆನಪಿನ ಜಾಗ ದುಬಾರಿಯಾಗಿತ್ತಾದ್ದರಿಂದ ಇಸವಿಯನ್ನು ಕೊನೆಯ ಎರಡು ಅಂಕೆಗಳಲ್ಲೇ ಬರೆಯುವ ರೂಢಿ ಬಿದ್ದಿತ್ತು. 1999 ಮುಗಿದು 2000 ಬಂದಾಗ ಯಂತ್ರ ಅದನ್ನು 1900 ಎಂದು ತಿಳಿದು ಬಡ್ಡಿ, ಪಿಂಚಣಿ, ವಿಮೆಗಳ ಲೆಕ್ಕವನ್ನೆಲ್ಲ ಕೆಡಿಸೀತೆಂಬ ಭಯ ಹುಟ್ಟಿತು. ಕೋಬೋಲ್ ಎಂಬ ಹಳೆಯ ಭಾಷೆಯಲ್ಲಿದ್ದ ಕೋಟ್ಯಂತರ ಸಾಲುಗಳನ್ನು ಒಂದೊಂದಾಗಿ ಓದಿ ತಿದ್ದಬೇಕಾಯಿತು. ಅಮೇರಿಕೆಯ ತರುಣರಿಗೆ ಅದು ಬೇಡವಾದ ಕೆಲಸ. ನಮ್ಮ ತರುಣರು ಮರುಮಾತಿಲ್ಲದೆ ಮಾಡಿದರು. ಮಾಡುತ್ತ ಮಾಡುತ್ತ ಆ ಬ್ಯಾಂಕುಗಳ, ವಿಮಾ ಕಂಪನಿಗಳ ಒಳಮನೆಯೆಲ್ಲ ಅವರಿಗೆ ಪರಿಚಯವಾಯಿತು. ಒಮ್ಮೆ ಅಡಿಗೆಮನೆ ಹೊಕ್ಕವನು ಊಟದ ಹೊತ್ತಿಗೆ ಹೊರಗಿರುವುದುಂಟೆ?

ಈಗ ಕಡಲಾಚೆಯ ಮನೆಯನ್ನೂ ನೋಡಬೇಕು. 2000ದಿಂದ ಅಮೇರಿಕೆಯಲ್ಲಿ ಇಂಟರ್‌ನೆಟ್ ಕಂಪನಿಗಳು ಸಾಲಾಗಿ ಮುಳುಗಿದುವು. ಅದೇ ಹೊತ್ತಿಗೆ ಉಳಿದ ಕಂಪನಿಗಳು ಖರ್ಚು ಇಳಿಸಲೆಂದು ಭಾರತದ ಕಡೆ ತಿರುಗಿದುವು. 2003ರಲ್ಲಿ ಅಲ್ಲಿನ ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ಇಂಜಿನಿಯರರಲ್ಲಿ ನಿರುದ್ಯೋಗ ಶೇಕಡಾ ಆರನ್ನು ದಾಟಿತು. ಇಂಜಿನಿಯರನಿಗೆ ನೌಕರಿಯಿಲ್ಲವೆಂಬ ಮಾತೇ ಅಪರೂಪವಾಗಿದ್ದ ದೇಶದಲ್ಲಿ ಇದು ದೊಡ್ಡ ಆಘಾತ. ಫಾರೆಸ್ಟರ್ ಎಂಬ ಸಂಶೋಧನಾ ಸಂಸ್ಥೆ 2015ರೊಳಗಾಗಿ 33 ಲಕ್ಷ ನೌಕರಿಗಳು ದೇಶ ಬಿಡುವುವೆಂದು 2002ರಲ್ಲಿ ಅಂದಾಜು ಕಟ್ಟಿದ್ದು ಎಲ್ಲರ ಬಾಯಲ್ಲಿತ್ತು. ಕೆಲಸ ಕಳಕೊಂಡವನನ್ನು 'ಬ್ಯಾಂಗಲೋರ್ಡ್' ಎಂದು ಕರೆಯುವ ಹೊಸ ಕ್ರಿಯಾಪದವೇ ಹುಟ್ಟಿತು. ನಮ್ಮ ಊರಿನ ಹೆಸರು ಹೀಗೆ ನಿಘಂಟು ಸೇರಬೇಕಾಗಿತ್ತೆ ಎಂದು ಬೇಸರವಾಗುತ್ತದೆ. 2004ರ ಚುನಾವಣೆಯಲ್ಲಿ ಅಧ್ಯಕ್ಷ ಪದವಿಗೆ ನಿಂತ ಜಾನ್ ಕೆರಿಯವರು ಕೆಲಸವನ್ನು ಹೊರಗೆ ಕಳಿಸುವ ಕಂಪನಿ ಮುಖ್ಯಸ್ಥರನ್ನು ಅಮೇರಿಕೆಯ ಹೆಸರಾಂತ ದೇಶದ್ರೋಹಿಯೊಬ್ಬನಿಗೆ ಹೋಲಿಸಿದರು. ಅಧ್ಯಕ್ಷ ಬುಷ್ ಅವರ ಆರ್ಥಿಕ ಸಲಹೆಗಾರ ಗ್ರೆಗರಿ ಮ್ಯಾಂಕ್ಯೂ, ಇದೂ ಒಂದು ಬಗೆಯ ಅಂತರರಾಷ್ಟ್ರೀಯ ವ್ಯಾಪಾರ, ಕಾಲಾಂತರದಲ್ಲಿ ದೇಶಕ್ಕೆ ಲಾಭವೇ ಎಂಬರ್ಥದ ಮಾತಾಡಿ ಎರಡೂ ಪಕ್ಷದವರಿಂದ ಬೈಸಿಕೊಂಡರು.

ಅರ್ಥಶಾಸ್ತ್ರಜ್ಞರಲ್ಲೂ ಒಮ್ಮತವಿರಲಿಲ್ಲ. ನೊಬೆಲ್ ಪಾರಿತೋಷಕ ಪಡೆದ ಪಾಲ್ ಸ್ಯಾಮ್ಯುಯೆಲ್‌ಸನ್ನರು ತಮ್ಮ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, 2004ರಲ್ಲಿ, ಒಂದು ಪ್ರಬಂಧ ಬರೆದು, ತಾನು ನಿಪುಣವಾಗಿದ್ದ ಕೆಲಸವನ್ನೇ ಇನ್ನೊಂದು ನಾಡು ಕಲಿತುಕೊಂಡರೆ ಮೊದಲಿನ ನಾಡಿಗೆ ಶಾಶ್ವತ ನಷ್ಟವಾಗಲೂ ಸಾಧ್ಯ ಎಂದು ತೋರಿಸಿದರು. ಪ್ರಿನ್ಸ್‌ಟನ್ನಿನ ಆಲನ್ ಬ್ಲೈಂಡರ್ 2006ರಲ್ಲಿ ಇನ್ನೊಂದು ಉಪಯುಕ್ತ ಭೇದವನ್ನು ಹೇಳಿದರು. ಇನ್ನು ಮುಂದೆ ಹೆಚ್ಚು ಓದಿದವನ ಕೆಲಸ, ಕಡಿಮೆ ಓದಿದವನ ಕೆಲಸ ಎಂದು ವಿಂಗಡಿಸಿದರೆ ಸಾಲದು. ತಂತಿಯ ಮೂಲಕ ಕಳಿಸಬಹುದಾದ ಕೆಲಸ, ಎದುರಿಗೇ ನಿಂತು ಮಾಡಬೇಕಾದ ಕೆಲಸ ಎಂದು ವಿಂಗಡಿಸಬೇಕು. ನಲ್ಲಿ ರಿಪೇರಿ ಮಾಡುವವನ ಕೆಲಸ ಎಲ್ಲಿಗೂ ಹೋಗುವುದಿಲ್ಲ; ಗಣಕದ ಪ್ರೋಗ್ರಾಮು ಬರೆಯುವವನ ಕೆಲಸ ಹೋಗಬಲ್ಲುದು. ಈ ಭೇದವನ್ನು ನಾವು ನಮ್ಮ ಮಕ್ಕಳ ವಿಷಯದಲ್ಲೂ ನೆನಪಿಟ್ಟುಕೊಳ್ಳಬೇಕು.

ಅಮೇರಿಕೆಯ ಲೆಕ್ಕವನ್ನು ಪಕ್ಷಪಾತವಿಲ್ಲದೆ ನೋಡಿದರೆ, ಫಾರೆಸ್ಟರ್ ಹೇಳಿದ ಪ್ರಳಯ ಆಗಲಿಲ್ಲ. ಬರೆದುಕೊಟ್ಟದ್ದನ್ನು ಯಂತ್ರದ ಭಾಷೆಗೆ ತರುವ ಪ್ರೋಗ್ರಾಮರನ ನೌಕರಿಗಳು ಅಲ್ಲಿ ಬಹಳ ಇಳಿದುವು ನಿಜ. ಆದರೆ ಏನು ಕಟ್ಟಬೇಕೆಂದು ಯೋಚಿಸುವ ಸಾಫ್ಟ್‌ವೇರ್ ಡೆವಲಪರನ ನೌಕರಿಗಳು ಮುಂದಿನ ದಶಕಗಳಲ್ಲಿ ಏರಿದುವು. ಒಟ್ಟು ಕೂಡಿಸಿದರೆ ದೇಶಕ್ಕೆ ನಷ್ಟವಾಗಲಿಲ್ಲ. ತೊಡಕಿರುವುದು ಕೂಡಿಸುವ ರೀತಿಯಲ್ಲಿ. ಲಾಭ ಕೋಟಿ ಜನರಿಗೆ ಚೂರು ಚೂರಾಗಿ ಹಂಚಿಹೋಗುತ್ತದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನಷ್ಟ ಒಂದೇ ಮನೆಯ ಬಾಗಿಲನ್ನು ತಟ್ಟುತ್ತದೆ. ಮನೆಯ ಕಂತು ಬಾಕಿಯಿರುವ, ಮಗಳು ಕಾಲೇಜಿನಲ್ಲಿರುವ ಐವತ್ತರ ಇಂಜಿನಿಯರನಿಗೆ ಮ್ಯಾಂಕ್ಯೂ ಅವರ ಕಾಲಾಂತರ ಎಂಬುದು ಎಂದೂ ಬರುವುದಿಲ್ಲ. ಮೇಲಾಗಿ, ಹೊರಗೆ ಹೋದದ್ದು ಏಣಿಯ ಕೆಳಗಿನ ಮೆಟ್ಟಿಲುಗಳು. ಮೇಲಿನವು ಉಳಿದುವು. ಆದರೆ ಕೆಳಗಿನ ಮೆಟ್ಟಿಲಿಲ್ಲದೆ ಅಲ್ಲಿಯ ಹೊಸ ಹುಡುಗ ಮೇಲೆ ಹತ್ತುವುದಾದರೂ ಹೇಗೆ?

ತೀರ ಕಹಿಯಾದದ್ದು ಕೆಲಸ ಕಲಿಸಿಕೊಡುವ ಪದ್ಧತಿ. ನೌಕರಿ ಕಳಕೊಳ್ಳಲಿರುವವನೇ ತನ್ನ ಜಾಗಕ್ಕೆ ಬರುವವನಿಗೆ ಒಳಗುಟ್ಟುಗಳನ್ನೆಲ್ಲ ಹೇಳಿಕೊಡಬೇಕು. ಫ್ಲಾರಿಡಾದ ಒರ್ಲಾಂಡೋದಲ್ಲಿ ಡಿಸ್ನಿ ಕಂಪನಿಯ ಸುಮಾರು 250 ಮಂದಿ ತಂತ್ರಜ್ಞರಿಗೆ ಹೀಗಾದದ್ದು 2015ರಲ್ಲಿ ಪತ್ರಿಕೆಗಳಲ್ಲಿ ಬಂದು ದೇಶವಿಡೀ ಗುಲ್ಲಾಯಿತು. ಅವರ ಜಾಗಕ್ಕೆ ಬಂದವರಲ್ಲಿ ಬಹಳ ಮಂದಿ ಭಾರತೀಯರು. ನನ್ನ ಪರಿಚಯದ ಠಾಣೆಯ ತರುಣನೊಬ್ಬನೂ ಬೇರೊಂದು ಕಂಪನಿಯ ಪರವಾಗಿ ಇಂಥದೇ ಕೆಲಸಕ್ಕೆ ಅಮೇರಿಕೆಯ ಸಣ್ಣ ಊರೊಂದಕ್ಕೆ ಹೋಗಿದ್ದ. ಆರು ವಾರ ಅವನ ಪಕ್ಕದಲ್ಲಿ ಕುಳಿತು ಕಲಿಸಿದವರು ಮೂವತ್ತು ವರ್ಷ ಅಲ್ಲೇ ದುಡಿದ ಹಿರಿಯರು. ಕೊನೆಯ ದಿನ ಅವರು ತಮ್ಮ ಕೈಬರಹದ ಟಿಪ್ಪಣಿ ಪುಸ್ತಕವನ್ನೂ ಅವನಿಗೆ ಕೊಟ್ಟು, ಇದು ನನಗಿನ್ನು ಬೇಡ ಎಂದರಂತೆ. "ಏನು ಹೇಳಬೇಕೆಂದು ತಿಳಿಯದೆ ಥ್ಯಾಂಕ್ಸ್ ಅಂದುಬಿಟ್ಟೆ, ಅಮ್ಮಾ" ಎಂದು ಆ ಹುಡುಗ ರಾತ್ರಿ ತಾಯಿಗೆ ಫೋನು ಮಾಡಿದ್ದ. ಎಂಟು ವರ್ಷಗಳ ತರುವಾಯ ಅವನದೇ ಕೆಲಸ ಪೋಲಂಡಿಗೆ ಹೋಯಿತು. ಕಲಿಸಿಕೊಡುವ ಸರದಿ ಅವನದಾಯಿತು.

ನಮ್ಮ ಕಡೆಯ ಲಾಭವನ್ನು ಅಲ್ಲಗಳೆಯುವಂತಿಲ್ಲ. 2025ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಈ ಉದ್ಯಮದ ಒಟ್ಟು ವರಮಾನ ಸುಮಾರು 28,000 ಕೋಟಿ ಡಾಲರುಗಳೆಂದೂ, ದುಡಿಯುವವರು 58 ಲಕ್ಷವೆಂದೂ ಉದ್ಯಮದ ಸಂಘವಾದ ನಾಸ್ಕಾಮ್ ಲೆಕ್ಕ ಕೊಟ್ಟಿತು. ಅಂಕಿಗಳು ಹಾಗಿರಲಿ, ಹೋಟೆಲಿನ ಗಲ್ಲೆಯ ಮೇಲೆ ಕುಳಿತು, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮಾಡಿದ ತಂದೆಯ ಮಗಳು ತನ್ನ ಸಂಪಾದನೆಯಲ್ಲಿ ಡೊಂಬಿವಲಿಯಲ್ಲಿ ಮನೆ ಕೊಂಡದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮಾಮನ ಶಿಫಾರಸು ಇಲ್ಲದೆ, ಜಾತಿಯ ಮಾತೆತ್ತದೆ, ಒಂದು ಪರೀಕ್ಷೆ ಬರೆದು ಸಾವಿರಾರು ಮಕ್ಕಳು ನೌಕರಿ ಹಿಡಿದದ್ದು ಸಣ್ಣ ಸಂಗತಿಯಲ್ಲ. ಹೆಣ್ಣುಮಕ್ಕಳಿಗೆ ಇಷ್ಟು ಸಂಖ್ಯೆಯಲ್ಲಿ ಬಾಗಿಲು ತೆರೆದ ಇಂಜಿನಿಯರಿಂಗ್ ಕ್ಷೇತ್ರ ನಮ್ಮ ದೇಶದಲ್ಲಿ ಹಿಂದೆ ಇರಲಿಲ್ಲ.

ಆದರೆ ಇಂಜಿನಿಯರಿಂಗ್ ವಿದ್ಯೆಗೆ ಏನಾಯಿತು? ಬೆಂಗಳೂರಿನ ವಿಶ್ವೇಶ್ವರಯ್ಯನವರ ಕಾಲೇಜು 1917ರದು, ಹುಬ್ಬಳ್ಳಿಯದು 1947ರದು, ಮಣಿಪಾಲದ್ದು 1957ರದು. ಅಲ್ಲಿ ಕಲಿತವರು ಅಣೆಕಟ್ಟು ಕಟ್ಟಿದರು, ಎಚ್.ಎಂ.ಟಿ., ಬಿ.ಇ.ಎಲ್., ಎಚ್.ಎ.ಎಲ್.ಗಳಲ್ಲಿ ಯಂತ್ರ ತಿರುಗಿಸಿದರು. ತರುವಾಯ ಕರ್ನಾಟಕದಲ್ಲಿ ಖಾಸಗಿ ಕಾಲೇಜುಗಳು ಅಣಬೆಯಂತೆ ಎದ್ದುವು. ಮುಂಬಯಿ, ದಿಲ್ಲಿಗಳಿಂದ ಮಕ್ಕಳು ಕ್ಯಾಪಿಟೇಶನ್ ಹಣ ಕೊಟ್ಟು ಅಲ್ಲಿಗೆ ಓದಲು ಹೋದರು. ಆ ಹಣವನ್ನು ತಡೆಯಲು 1984ರಲ್ಲಿ ಕರ್ನಾಟಕ ಸರಕಾರ ಕಾನೂನನ್ನೇ ಮಾಡಬೇಕಾಯಿತು. ಸಾಫ್ಟ್‌ವೇರ್ ಕಂಪನಿಗಳು ಬಂದಾಗ ಅವರಿಗೆ ಬೇಕಾದ ಜನ ಹೀಗೆ ಸಿದ್ಧವಾಗಿದ್ದರು. ಸಿವಿಲ್ ಓದಿದವನನ್ನೂ ಮೆಕ್ಯಾನಿಕಲ್ ಓದಿದವನನ್ನೂ ಒಂದೇ ಸಾಲಿನಲ್ಲಿ ಕೂರಿಸಿ, ಮೂರು ನಾಲ್ಕು ತಿಂಗಳು ತರಬೇತಿ ಕೊಟ್ಟು, ಪ್ರೋಗ್ರಾಮು ಬರೆಯಲು ಹಚ್ಚಿದರು. ನಾಲ್ಕು ವರ್ಷ ಕಲಿತ ಉಷ್ಣಶಾಸ್ತ್ರ, ಕಾಂಕ್ರೀಟಿನ ಲೆಕ್ಕ ಎಲ್ಲ ಮೂಲೆಗೆ. ಪಂಪು ಮಾಡುವ ಕಾರಖಾನೆಯವನು ಕೊಡುತ್ತಿದ್ದ ಪಗಾರ ಇದರ ಮುಂದೆ ಸಣ್ಣದಾಯಿತು, ಅವನಿಗೆ ಒಳ್ಳೆಯ ಹುಡುಗರು ಸಿಗದಾದರು. ಪರದೇಶದವರ ಇಂಜಿನಿಯರಿಂಗನ್ನು ನಾವು ಮಾಡಿಕೊಟ್ಟೆವು, ನಮ್ಮದನ್ನು ಹಿಂದೆ ಹಾಕಿದೆವು ಎಂದು ಹೇಳಿದರೆ ಕೆಲವರಿಗೆ ಸಿಟ್ಟು ಬಂದೀತು. ಆದರೂ ನನಗೆ ಹಾಗೆಯೇ ತೋರುತ್ತದೆ.

ಪಗಾರದ ಮಾತು ಬಂತು. ದೊಡ್ಡ ಕಂಪನಿಗಳು ಕಾಲೇಜಿನಿಂದ ನೇರ ಬಂದ ಹುಡುಗನಿಗೆ 2010ರ ಸುಮಾರಿಗೆ ವರ್ಷಕ್ಕೆ ಮೂರರಿಂದ ಮೂರೂಕಾಲು ಲಕ್ಷ ರೂಪಾಯಿ ಕೊಡುತ್ತಿದ್ದುವು. ಹನ್ನೆರಡು ವರ್ಷಗಳ ತರುವಾಯವೂ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿತ್ತು. ಇದೇ ಅವಧಿಯಲ್ಲಿ ದಿನಸಿಯ ಬೆಲೆ, ಮನೆಬಾಡಿಗೆ, ಕಾಲೇಜಿನ ಫೀ ಎಷ್ಟು ಏರಿದುವೆಂದು ವಾಚಕರಿಗೆ ಹೇಳಬೇಕಾಗಿಲ್ಲ. ಡಾಲರಿನ ಬೆಲೆ 2010ರಲ್ಲಿ ಸುಮಾರು 45 ರೂಪಾಯಿ ಇದ್ದದ್ದು 2025ರಲ್ಲಿ 85ನ್ನು ದಾಟಿತು. ಡಾಲರಿನಲ್ಲಿ ಸಂಪಾದಿಸಿ ರೂಪಾಯಿಯಲ್ಲಿ ಪಗಾರ ಹಂಚುವವರಿಗೆ ಇದರಿಂದ ಅನುಕೂಲವೇ ಆಯಿತು. ಆ ಅನುಕೂಲದಲ್ಲಿ ಹೊಸ ಹುಡುಗನ ಪಾಲು ಕಾಣಲಿಲ್ಲ. ಕಾರಣ ಗುಟ್ಟಿನದಲ್ಲ. ಒಂದು ಜಾಗಕ್ಕೆ ಹತ್ತು ಹುಡುಗರು ಬಾಗಿಲಲ್ಲಿ ನಿಂತಿದ್ದಾಗ ಯಾವ ಒಡೆಯ ಪಗಾರ ಏರಿಸಿದ್ದಾನೆ? ಗಿರಣಿಯ ಕಾಲದ ನಿಯಮವೇ ಇಲ್ಲಿಯೂ ನಡೆಯಿತು.

ಈಗ ಗಾಳಿ ಬೇರೆ ದಿಕ್ಕಿನಿಂದ ಬೀಸುತ್ತಿದೆ. 2022ರ ಕೊನೆಯಿಂದ ಹೆಸರಾದ ಕೃತಕ ಬುದ್ಧಿಯ ಯಂತ್ರಗಳು, ಹೊಸ ಹುಡುಗರು ಮಾಡುತ್ತಿದ್ದ ಸಣ್ಣಪುಟ್ಟ ಪ್ರೋಗ್ರಾಮು ಬರೆಯುವ, ಪರೀಕ್ಷಿಸುವ ಕೆಲಸವನ್ನು ಕ್ಷಣಗಳಲ್ಲಿ ಮಾಡಿ ಮುಗಿಸುತ್ತವೆ. ಅಮೇರಿಕೆಯವನ ಏಣಿಯಿಂದ ಕಳಚಿ ನಾವು ತಂದುಕೊಂಡ ಕೆಳಗಿನ ಮೆಟ್ಟಿಲುಗಳೇ ಈಗ ನಮ್ಮ ಏಣಿಯಿಂದಲೂ ಕಳಚುತ್ತಿವೆ. 2024ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಟಿ.ಸಿ.ಎಸ್., ಇನ್ಫೋಸಿಸ್ ಎರಡರಲ್ಲೂ ನೌಕರರ ಒಟ್ಟು ಸಂಖ್ಯೆ ಇಳಿಯಿತು. ವರ್ಷ ವರ್ಷವೂ ಏರುವುದನ್ನೇ ಕಂಡಿದ್ದವರಿಗೆ ಇದು ಹೊಸ ಅನುಭವ. 2025ರ ಜುಲೈಯಲ್ಲಿ ಟಿ.ಸಿ.ಎಸ್. ಸುಮಾರು 12,000 ಮಂದಿಯನ್ನು, ಮುಖ್ಯವಾಗಿ ಮಧ್ಯದ ಮತ್ತು ಮೇಲಿನ ದರ್ಜೆಯವರನ್ನು, ಬಿಡಿಸುವುದಾಗಿ ಸಾರಿತು. ಇದಕ್ಕೆ ಕೃತಕ ಬುದ್ಧಿ ಕಾರಣವಲ್ಲ, ಹೊಸ ಕೆಲಸಕ್ಕೂ ಅವರ ಕೌಶಲಕ್ಕೂ ಹೊಂದಾಣಿಕೆಯಿಲ್ಲದ್ದು ಕಾರಣ ಎಂದು ಕಂಪನಿ ಹೇಳಿತು. ಹದಿನೆಂಟು ವರ್ಷ ದುಡಿದವನಿಗೆ ಕಾರಣ ಯಾವುದಾದರೇನು!

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೇರಿಕೆಯ ಅಧ್ಯಕ್ಷರು ಹೊಸ ಎಚ್-1ಬಿ ವೀಸಾದ ಅರ್ಜಿಗೆ ಒಂದು ಲಕ್ಷ ಡಾಲರು ಶುಲ್ಕವೆಂದು ಘೋಷಿಸಿದರು. ಈ ವೀಸಾಗಳ ವಾರ್ಷಿಕ ಮಿತಿ 2001ರಿಂದ 2003ರವರೆಗೆ 1,95,000 ಇದ್ದದ್ದು 2004ರಲ್ಲೇ 65,000ಕ್ಕೆ ಮರಳಿತ್ತು. ಅಲ್ಲಿಯೇ ಉನ್ನತ ಪದವಿ ಪಡೆದವರಿಗೆಂದು 20,000 ಮುಂದೆ ಸೇರಿತು. ಈ ಶುಲ್ಕದ ಮಾತು ಹೊರಬಿದ್ದ ರಾತ್ರಿ ರಜೆಗೆಂದು ಊರಿಗೆ ಬಂದಿದ್ದ ಎಷ್ಟೋ ಮಂದಿ ಪೆಟ್ಟಿಗೆ ಕಟ್ಟಿ ವಿಮಾನ ನಿಲ್ದಾಣಕ್ಕೆ ಓಡಿದರು. ಈಗಾಗಲೇ ವೀಸಾ ಇರುವವರಿಗೆ ಇದು ತಗಲದೆಂಬ ವಿವರಣೆ ಆಮೇಲೆ ಬಂತು. ಅದೇ ತಿಂಗಳು, ಹೊರನಾಡಿಗೆ ಕೆಲಸ ಕೊಟ್ಟು ಮಾಡುವ ಪಾವತಿಯ ಮೇಲೆ ಶೇಕಡಾ 25 ತೆರಿಗೆ ಹಾಕಬೇಕೆಂಬ ಮಸೂದೆಯೊಂದನ್ನೂ ಅಲ್ಲಿನ ಸೆನೆಟಿನಲ್ಲಿ ಮಂಡಿಸಲಾಯಿತು. ಲ್ಯಾಂಕಾಶೈರಿನ ಮೂರೂವರೆ ಶೇಕಡಾ ಇದರ ಮುಂದೆ ಎಷ್ಟು ಸೌಮ್ಯವೆನಿಸುತ್ತದೆ!

ಹಾಗಾದರೆ ಬಾಗಿಲು ಮುಚ್ಚಿತೆ? ಇಲ್ಲ, ಜಾಗ ಬದಲಾಯಿತು. ಪರದೇಶದ ಕಂಪನಿಗಳು ಗುತ್ತಿಗೆದಾರರನ್ನು ಬಿಟ್ಟು ತಮ್ಮದೇ ಕೇಂದ್ರಗಳನ್ನು ಇಲ್ಲಿ ತೆರೆಯುತ್ತಿವೆ. 2024ರಲ್ಲಿ ಇಂಥವು ದೇಶದಲ್ಲಿ 1,700ಕ್ಕೂ ಹೆಚ್ಚಿದ್ದು 19 ಲಕ್ಷ ಮಂದಿ ದುಡಿಯುತ್ತಿದ್ದರು. ಬೆಂಗಳೂರಿನಲ್ಲೇ ಅತಿ ಹೆಚ್ಚು. ಇವು ಹುಡುಗರನ್ನು ಸಾವಿರಗಟ್ಟಲೆ ಒಮ್ಮೆಗೇ ತೆಗೆದುಕೊಳ್ಳುವುದಿಲ್ಲ. ಆರಿಸಿ ತೆಗೆದುಕೊಳ್ಳುತ್ತವೆ, ಹೆಚ್ಚು ಕೊಡುತ್ತವೆ. ಕೆಲಸವೂ ಬರಿಯ ಪ್ರೋಗ್ರಾಮಿನದಲ್ಲ. ಜನರಲ್ ಎಲೆಕ್ಟ್ರಿಕ್ ಕಂಪನಿ 2000ದಲ್ಲಿ ವೈಟ್‌ಫೀಲ್ಡಿನಲ್ಲಿ ತೆರೆದ ಸಂಶೋಧನಾ ಕೇಂದ್ರದಲ್ಲಿ ವಿಮಾನದ ಇಂಜಿನಿನ ಮೇಲೆ ಕೆಲಸ ನಡೆದಿದೆ. 2024ರ ಜನವರಿಯಲ್ಲಿ ಬೋಯಿಂಗ್ ಕಂಪನಿ ದೇವನಹಳ್ಳಿಯ ಬಳಿ 43 ಎಕರೆಯಲ್ಲಿ ತನ್ನ ಇಂಜಿನಿಯರಿಂಗ್ ಕೇಂದ್ರವನ್ನು ತೆರೆಯಿತು. ಇಲ್ಲಿ ಮೆಕ್ಯಾನಿಕಲ್ ಓದಿದವನಿಗೆ ಮೆಕ್ಯಾನಿಕಲ್ ಕೆಲಸವೇ ಇದೆ. ಉಷ್ಣಶಾಸ್ತ್ರವನ್ನು ಮರೆಯದವನಿಗೆ ಮಾತ್ರ ಎನ್ನಿ.

ಬೇಸಗೆಯ ಪ್ರವೇಶದ ಕಾಲದಲ್ಲಿ ತಂದೆತಾಯಿಗಳು ಕೇಳುತ್ತಾರೆ: ಕಂಪ್ಯೂಟರ್ ಸೈನ್ಸೇ ಕೊಡಿಸಬೇಕೆ? ಹುಡುಗನಿಗೆ ಅದರಲ್ಲಿ ಒಲವಿದ್ದರೆ ಕೊಡಿಸಿರಿ. ಪಕ್ಕದ ಮನೆಯವರು ಕೊಡಿಸಿದರೆಂದು ಮಾತ್ರ ಬೇಡ. ಹದಿನೈದು ಲಕ್ಷ ಸಾಲ ಮಾಡುವ ಮೊದಲು ಒಂದು ಚೀಟಿಯ ಮೇಲೆ ಲೆಕ್ಕ ಹಾಕಿರಿ: ವರ್ಷಕ್ಕೆ ಮೂರೂವರೆ ಲಕ್ಷವೆಂದರೆ ತಿಂಗಳಿಗೆ ಇಪ್ಪತ್ತೊಂಬತ್ತು ಸಾವಿರ, ಅದರಲ್ಲಿ ಕಡಿತ ಕಳೆದು, ಬೆಂಗಳೂರಿನ ಪೇಯಿಂಗ್ ಗೆಸ್ಟಿನ ಬಾಡಿಗೆ, ಊಟ, ಬಸ್ಸು ಕಳೆದು, ಬ್ಯಾಂಕಿನ ಕಂತಿಗೆ ಏನು ಉಳಿಯುತ್ತದೆ? ನೇಮಕದ ಪತ್ರ ಕೈಗೆ ಬಂದಾಗ ಬಾಂಡ್ ಇದೆಯೇ, ಎಷ್ಟು ವರ್ಷದ್ದು, ಕೆಲಸಕ್ಕೆ ಹಾಜರಾಗುವ ತಾರೀಖು ಬರೆದಿದೆಯೇ ಎಂದು ನೋಡಿರಿ. 2022ರ ತರುವಾಯ ಪತ್ರ ಪಡೆದೂ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕರೆಗಾಗಿ ಕಾದ ಹುಡುಗರು ಊರೂರಲ್ಲೂ ಇದ್ದರು. ನಮ್ಮ ಬಳಗದ ಒಬ್ಬ ಹುಡುಗ ಹೀಗೆಯೇ ಹದಿನಾಲ್ಕು ತಿಂಗಳು ಕಾದು, ಬೇಸತ್ತು, ಚಾಕಣದ ಒಂದು ಸಣ್ಣ ಕಾರಖಾನೆಯಲ್ಲಿ ವಾಲ್ವುಗಳ ವಿನ್ಯಾಸದ ಕೆಲಸಕ್ಕೆ ಸೇರಿದ. ಆಮೇಲೆ ಕರೆ ಬಂದಾಗ ಹೋಗಲಿಲ್ಲ. ಪಗಾರ ಕೊಂಚ ಕಡಿಮೆ, ಕೈಗೆ ಎಣ್ಣೆ ಮೆತ್ತುತ್ತದೆ ಎಂದು ಅವನ ತಾಯಿಯ ದೂರು. ಆ ಕಾರಖಾನೆಗೂ ಕೆಲಸ ಬರುವುದು ಕಡಲಾಚೆಯಿಂದಲೇ, ಜರ್ಮನಿಯಿಂದ; ವಾಲ್ವಿನ ನಕ್ಷೆ ಮಾತ್ರ ಇವನದು.